ಬೇರೊಂದು ಖಾತೆಯ ಮೂಲಕ ಸೇವಾ ಜಾಲತಾಣಗಳಿಗೆ ಪ್ರವೇಶ: ಕಲಬುರಗಿ ಹಾಗೂ ಕಮಲಾಪುರದ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಸರ್ಕಾರದ ಸೇವೆಗಳಿಗೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು ಮೊದಲು ಎದುರುಗೊಳ್ಳುವುದು ಪ್ರವೇಶ ಪುಟವನ್ನು, ಅಂದರೆ ಲಾಗಿನ್ ಪುಟವನ್ನು. ಹಿಂದೆ ಪ್ರತಿಯೊಂದು ಜಾಲತಾಣಕ್ಕೂ ಪ್ರತ್ಯೇಕ ಬಳಕೆದಾರರ ಹೆಸರು ಹಾಗೂ ಪಾಸ್‌ವರ್ಡ್ ಇರಿಸಿಕೊಳ್ಳಬೇಕಾಗುತ್ತಿತ್ತು. ಈಗ ಅನೇಕ ಜಾಲತಾಣಗಳಲ್ಲಿ "ಡಿಜಿಲಾಕರ್ ಮೂಲಕ ಪ್ರವೇಶಿಸಿ", "ಗೂಗಲ್ ಮೂಲಕ ಪ್ರವೇಶಿಸಿ", "ಫೇಸ್‌ಬುಕ್ ಮೂಲಕ ಮುಂದುವರಿಯಿರಿ" ಎಂಬ ಗುಂಡಿಗಳು ಕಂಡುಬರುತ್ತವೆ.

ಸದರಿ ಗುಂಡಿಯನ್ನು ಒತ್ತಿದಾಗ ನಡೆಯುವುದೇನು, ತಮ್ಮ ಯಾವ ಮಾಹಿತಿ ಯಾರಿಗೆ ತಲುಪುತ್ತದೆ, ಸರ್ಕಾರಿ ಸೇವೆಗಳಿಗೆ ಸಾಮಾಜಿಕ ಜಾಲತಾಣದ ಖಾತೆ ಏಕೆ ಸಾಲುವುದಿಲ್ಲ ಎಂಬ ವಿಷಯಗಳನ್ನು ಅರ್ಜಿದಾರರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ. ಇಂತಹ ಪ್ರವೇಶ ವ್ಯವಸ್ಥೆಯನ್ನು ಪೈಥಾನ್ ಭಾಷೆಯ ಅನ್ವಯಗಳಲ್ಲಿ ಅಳವಡಿಸುವ ವಿದ್ಯಾರ್ಥಿಗಳು ಹಾಗೂ ಸಂಘ ಸಂಸ್ಥೆಗಳಿಗೆ ಕಂಡಿಕೆ 8ರಲ್ಲಿ ಪ್ರತ್ಯೇಕ ಮಾಹಿತಿ ನೀಡಲಾಗಿದೆ.

ಈ ಲೇಖನದ ಸಾರಾಂಶವು ಇಷ್ಟೇ: ಖಾತೆಯು ಅರ್ಜಿದಾರರ ಹೆಸರಿನಲ್ಲಿರಬೇಕು, ಅದಕ್ಕೆ ಜೋಡಣೆಯಾದ ಮೊಬೈಲ್ ಸಂಖ್ಯೆಯು ಅರ್ಜಿದಾರರ ಕೈಯಲ್ಲಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಅರ್ಹತೆ ಇರುವವರೇ ಸೇವೆಯಿಂದ ವಂಚಿತರಾಗುವ ಸಂಭವವಿರುತ್ತದೆ.

2. ಮೂರು ಬೇರೆ ಬೇರೆ ಪ್ರಶ್ನೆಗಳು

ಪ್ರವೇಶ ದೊರೆತ ಮಾತ್ರಕ್ಕೆ ಸೇವೆ ಮಂಜೂರಾದಂತೆ ಎಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಅರ್ಜಿಯೊಂದರ ಸಂಬಂಧ ಮೂರು ಪ್ರಶ್ನೆಗಳು ಉದ್ಭವಿಸುತ್ತವೆ.

(ಅ) ಈ ವ್ಯಕ್ತಿ ಯಾರು? ಇದಕ್ಕೆ ಉತ್ತರ ಕಂಡುಕೊಳ್ಳುವ ಕ್ರಿಯೆಯೇ ದೃಢೀಕರಣ. ಲಾಗಿನ್ ಮಾಡುವ ಕೆಲಸ ಇದೇ.

(ಆ) ಈ ವ್ಯಕ್ತಿಯ ಯಾವ ಮಾಹಿತಿಯನ್ನು ಪಡೆಯಲು ಜಾಲತಾಣಕ್ಕೆ ಅನುಮತಿ ಇದೆ? ಇದು ಅರ್ಜಿದಾರರು ಸ್ವತಃ ನೀಡುವ ಸಮ್ಮತಿ.

(ಇ) ಈ ವ್ಯಕ್ತಿಗೆ ಸೇವೆ ಪಡೆಯುವ ಅರ್ಹತೆ ಇದೆಯೇ? ಇದನ್ನು ದಾಖಲೆಗಳ ಆಧಾರದ ಮೇಲೆ ಸಕ್ಷಮ ಪ್ರಾಧಿಕಾರ ನಿರ್ಧರಿಸುತ್ತದೆ. ಯಾವ ಲಾಗಿನ್ ವ್ಯವಸ್ಥೆಯೂ ಇದನ್ನು ನಿರ್ಧರಿಸುವುದಿಲ್ಲ.

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 371(ಜೆ) ಅನುಚ್ಛೇದದ ಅರ್ಹತಾ ಪ್ರಮಾಣ ಪತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಲಬುರಗಿ ಭಾಗದ ಅಭ್ಯರ್ಥಿಗಳಿಗೆ ಶಿಕ್ಷಣ ಹಾಗೂ ಉದ್ಯೋಗದ ಮೀಸಲಾತಿಗೆ ಇದು ಅವಶ್ಯಕ. ಅರ್ಜಿದಾರರು ಯಾವ ಖಾತೆಯ ಮೂಲಕ ಜಾಲತಾಣವನ್ನು ಪ್ರವೇಶಿಸಿದರೂ, ಜನನ, ವಾಸ ಮುಂತಾದ ದಾಖಲೆಗಳ ಪರಿಶೀಲನೆಯ ನಂತರವೇ ಸದರಿ ಪ್ರಮಾಣ ಪತ್ರ ದೊರೆಯುತ್ತದೆ. ಖಾತೆಯು ಬಾಗಿಲು ತೆರೆಯುವ ಕೀಲಿಕೈ ಮಾತ್ರ. ಒಳಗಿನ ಪರಿಶೀಲನೆ ಬೇರೆಯೇ ಆಗಿರುತ್ತದೆ.

3. ಹಿನ್ನೆಲೆ

ಸರ್ಕಾರಿ ಗಣಕಯಂತ್ರದ ಮುಂದೆ ಕುಳಿತವರು ಯಾರು ಎಂಬ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ಭೂ ದಾಖಲೆಗಳನ್ನು ಗಣಕೀಕರಣಗೊಳಿಸಿದ ಭೂಮಿ ಯೋಜನೆಯಲ್ಲಿ, 2000ದ ದಶಕದ ಆರಂಭದಲ್ಲಿಯೇ ಸಿಬ್ಬಂದಿಯ ಪ್ರವೇಶಕ್ಕೆ ಬೆರಳಚ್ಚಿನ ವ್ಯವಸ್ಥೆ ಅಳವಡಿಸಲಾಗಿತ್ತು. ಪಾಸ್‌ವರ್ಡ್ ಬೇರೆಯವರ ಕೈ ಸೇರಬಹುದು, ಆದರೆ ಬೆರಳಚ್ಚು ಹಾಗಲ್ಲ. ಪಹಣಿಯಲ್ಲಿ ಬದಲಾವಣೆ ಮಾಡಿದವರು ಅದನ್ನು ತಾವು ಮಾಡಿಲ್ಲವೆಂದು ಹೇಳಲು ಅವಕಾಶವಿರಬಾರದು ಎಂಬುದು ಇದರ ಉದ್ದೇಶ.

ಇದೇ ಅವಧಿಯಲ್ಲಿ ಖಾಸಗಿ ಜಾಲತಾಣಗಳಲ್ಲಿ ಬೇರೊಂದು ಸಮಸ್ಯೆ ಉದ್ಭವಿಸಿತು. ಜಾಲತಾಣಗಳ ಸಂಖ್ಯೆ ಹೆಚ್ಚಿದಂತೆ ಜನರು ಎಲ್ಲ ಕಡೆಯೂ ಒಂದೇ ಪಾಸ್‌ವರ್ಡ್ ಬಳಸತೊಡಗಿದರು. ಒಂದು ಕಡೆ ಸೋರಿಕೆಯಾದರೆ ಎಲ್ಲ ಕಡೆಯೂ ಅಪಾಯ. ಇದಕ್ಕೆ ಪರಿಹಾರವಾಗಿ 2005ರಲ್ಲಿ ಓಪನ್ ಐಡಿ ಎಂಬ ಪದ್ಧತಿ ಹುಟ್ಟಿತು. 2008ರಲ್ಲಿ ಫೇಸ್‌ಬುಕ್ ಸಂಸ್ಥೆಯು ತನ್ನ ಖಾತೆಯ ಮೂಲಕ ಇತರೆ ಜಾಲತಾಣಗಳನ್ನು ಪ್ರವೇಶಿಸುವ ಸೌಲಭ್ಯ ಆರಂಭಿಸಿತು. 2012ರ ಅಕ್ಟೋಬರ್‌ನಲ್ಲಿ ಓಆಥ್ 2.0 ಎಂಬ ಸಾರ್ವತ್ರಿಕ ಮಾನಕ ಪ್ರಕಟವಾಯಿತು. ಅದರ ಮೇಲೆ ರೂಪುಗೊಂಡ ಓಪನ್ ಐಡಿ ಕನೆಕ್ಟ್ 2014ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಇಂದಿನ ಬಹುತೇಕ "ಬೇರೊಂದು ಖಾತೆಯ ಮೂಲಕ ಪ್ರವೇಶ" ವ್ಯವಸ್ಥೆಗಳು ಈ ಎರಡು ಮಾನಕಗಳನ್ನೇ ಅನುಸರಿಸುತ್ತವೆ.

ಭಾರತ ಸರ್ಕಾರವು 2015ರ ಜುಲೈ 1ರಂದು ಡಿಜಿಲಾಕರ್ ಸೇವೆಯನ್ನು ಲೋಕಾರ್ಪಣೆಗೊಳಿಸಿತು. 2022ರ ಜುಲೈ 4ರಂದು ಗಾಂಧಿನಗರದಲ್ಲಿ "ಮೇರಿ ಪಹಚಾನ್" ಎಂಬ ರಾಷ್ಟ್ರೀಯ ಏಕ ಪ್ರವೇಶ ವ್ಯವಸ್ಥೆಗೆ ಚಾಲನೆ ನೀಡಲಾಯಿತು. ಡಿಜಿಲಾಕರ್, ಇ-ಪ್ರಮಾಣ್ ಹಾಗೂ ಜನ್ ಪರಿಚಯ್ ಎಂಬ ಮೂರು ಸೇವೆಗಳ ಪೈಕಿ ಯಾವುದಾದರೊಂದರ ಖಾತೆಯಿಂದ ಅನೇಕ ಸರ್ಕಾರಿ ಜಾಲತಾಣಗಳನ್ನು ಪ್ರವೇಶಿಸಲು ಇದು ಅವಕಾಶ ಕಲ್ಪಿಸುತ್ತದೆ. ರಾಜ್ಯದ ಸೇವಾ ಸಿಂಧು ಜಾಲತಾಣದಲ್ಲಿ ನೋಂದಾಯಿಸಿಕೊಳ್ಳುವಾಗ ಅರ್ಜಿದಾರರಿಗೆ ಡಿಜಿಲಾಕರ್ ಪುಟ ಕಾಣಿಸಿಕೊಳ್ಳುವುದು ಈ ಪದ್ಧತಿಯ ಕಾರಣದಿಂದ. ನಾಡಕಚೇರಿ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ ಹಾಗೂ ಒಟಿಪಿ ಮೂಲಕ ಪ್ರವೇಶಿಸುವ ಪದ್ಧತಿ ಇರುತ್ತದೆ. ಎರಡೂ ಕಡೆ ಮೊಬೈಲ್ ಸಂಖ್ಯೆಯೇ ಮುಖ್ಯ ಎಂಬುದನ್ನು ಗಮನಿಸುವುದು.

4. ವ್ಯವಸ್ಥೆಯು ಕೆಲಸ ಮಾಡುವ ವಿಧಾನ

ಬ್ಯಾಂಕಿನ ವ್ಯವಹಾರದ ಹೋಲಿಕೆಯಿಂದ ಇದನ್ನು ಸುಲಭವಾಗಿ ಅರ್ಥೈಸಿಕೊಳ್ಳಬಹುದು. ಕಚೇರಿಯೊಂದು ತಮ್ಮ ಬ್ಯಾಂಕ್ ಖಾತೆಯ ಬಗ್ಗೆ ದೃಢೀಕರಣ ಕೇಳಿದರೆ ತಾವು ಚೆಕ್ ಪುಸ್ತಕವನ್ನಾಗಲಿ ಎಟಿಎಂ ಕಾರ್ಡನ್ನಾಗಲಿ ಕಚೇರಿಗೆ ಒಪ್ಪಿಸುವುದಿಲ್ಲ. ತಾವೇ ಬ್ಯಾಂಕಿಗೆ ಹೋಗಿ, ಅಲ್ಲಿ ತಮ್ಮ ಗುರುತನ್ನು ಸಾಬೀತುಪಡಿಸಿ, ವ್ಯವಸ್ಥಾಪಕರ ಸಹಿ ಹಾಗೂ ಮೊಹರು ಇರುವ ಪತ್ರ ತಂದು ಕೊಡುತ್ತೀರಿ. ಪತ್ರದಲ್ಲಿ ಕೇಳಿದಷ್ಟೇ ವಿವರ ಇರುತ್ತದೆ. ಅಂತರ್ಜಾಲದಲ್ಲಿ ನಡೆಯುವುದೂ ಇದೇ, ಈ ಕೆಳಕಂಡ ಕ್ರಮದಲ್ಲಿ:

(1) ಅರ್ಜಿದಾರರು ಸೇವಾ ಜಾಲತಾಣದಲ್ಲಿ "ಡಿಜಿಲಾಕರ್ ಮೂಲಕ ಪ್ರವೇಶಿಸಿ" ಎಂಬ ಗುಂಡಿಯನ್ನು ಒತ್ತುತ್ತಾರೆ.

(2) ಪರದೆಯ ಮೇಲೆ ಡಿಜಿಲಾಕರ್‌ನ ಸ್ವಂತ ಪುಟ ತೆರೆದುಕೊಳ್ಳುತ್ತದೆ. ಮೇಲ್ಭಾಗದ ವಿಳಾಸ ಪಟ್ಟಿಯಲ್ಲಿ ವಿಳಾಸ ಬದಲಾಗಿರುವುದನ್ನು ಕಾಣಬಹುದು.

(3) ಅರ್ಜಿದಾರರು ಅಲ್ಲಿ ಮೊಬೈಲ್ ಅಥವಾ ಆಧಾರ್ ಸಂಖ್ಯೆ, ಒಟಿಪಿ ಹಾಗೂ 6 ಅಂಕಿಗಳ ಭದ್ರತಾ ಪಿನ್ ಪೈಕಿ ಕೇಳಲಾದವುಗಳನ್ನು ನಮೂದಿಸುತ್ತಾರೆ. ಇವು ಸೇವಾ ಜಾಲತಾಣಕ್ಕೆ ತಲುಪುವುದಿಲ್ಲ.

(4) ಯಾವ ಯಾವ ಮಾಹಿತಿಯನ್ನು ಹಂಚಿಕೊಳ್ಳಲಾಗುತ್ತದೆ ಎಂಬ ಸಮ್ಮತಿ ಪುಟ ಕಾಣಿಸುತ್ತದೆ. ಅರ್ಜಿದಾರರು ಒಪ್ಪಿಗೆ ನೀಡುತ್ತಾರೆ ಅಥವಾ ನಿರಾಕರಿಸುತ್ತಾರೆ.

(5) ಒಪ್ಪಿಗೆ ನೀಡಿದಲ್ಲಿ ಅಲ್ಪಕಾಲ ಮಾತ್ರ ಊರ್ಜಿತವಾಗಿರುವ ಸಂಕೇತವೊಂದರೊಡನೆ ಅರ್ಜಿದಾರರನ್ನು ಸೇವಾ ಜಾಲತಾಣಕ್ಕೆ ಹಿಂದಿರುಗಿಸಲಾಗುತ್ತದೆ. ಓಆಥ್ ಮಾನಕದ ಪ್ರಕಾರ ಈ ಸಂಕೇತದ ಅವಧಿ 10 ನಿಮಿಷ ಮೀರಬಾರದು. ಅಲ್ಲದೆ ಇದನ್ನು ಒಂದೇ ಬಾರಿ ಬಳಸಬಹುದಾಗಿರುತ್ತದೆ.

(6) ಸೇವಾ ಜಾಲತಾಣದ ಗಣಕಯಂತ್ರವು ಸದರಿ ಸಂಕೇತವನ್ನು ನೇರವಾಗಿ ಡಿಜಿಲಾಕರ್‌ನ ಗಣಕಯಂತ್ರಕ್ಕೆ ಸಲ್ಲಿಸಿ ಟೋಕನ್ ಪಡೆಯುತ್ತದೆ. ಟೋಕನ್ ಎಂಬುದು ಮೇಲೆ ಹೇಳಿದ ಮೊಹರು ಹಾಕಿದ ಪತ್ರಕ್ಕೆ ಸಮಾನ.

ಗೂಗಲ್ ಅಥವಾ ಫೇಸ್‌ಬುಕ್ ಮೂಲಕ ಪ್ರವೇಶಿಸಿದಾಗಲೂ ಕ್ರಮ ಇದೇ ಆಗಿರುತ್ತದೆ. ವ್ಯತ್ಯಾಸ ಇರುವುದು ಪತ್ರಕ್ಕೆ ಸಹಿ ಹಾಕುವವರು ಯಾರು ಎಂಬುದರಲ್ಲಿ.

ಹಂತ (3) ಅತ್ಯಂತ ಮುಖ್ಯವಾದುದು. ಸೇವಾ ಜಾಲತಾಣವೇ ತನ್ನ ಪುಟದಲ್ಲಿ ತಮ್ಮ ಜಿಮೇಲ್ ಅಥವಾ ಫೇಸ್‌ಬುಕ್ ಪಾಸ್‌ವರ್ಡ್ ಕೇಳಿದರೆ ಅದು ಸರಿಯಾದ ಪದ್ಧತಿ ಅಲ್ಲ. ಅಂತಹ ಪುಟದಲ್ಲಿ ಏನನ್ನೂ ನಮೂದಿಸಬಾರದು.

5. ಸಾಮಾಜಿಕ ಜಾಲತಾಣದ ಖಾತೆ ಏಕೆ ಸಾಲದು?

"ಫೇಸ್‌ಬುಕ್ ಖಾತೆಯಿಂದ ಎಲ್ಲ ಕಡೆ ಒಳಹೋಗಬಹುದಾದಾಗ ಸರ್ಕಾರಿ ಸೇವೆಗೆ ಏಕೆ ಸಾಧ್ಯವಿಲ್ಲ?" ಎಂಬುದು ಯುವ ಅರ್ಜಿದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಹೆಸರಿನ ಖಾತರಿ. ಸಾಮಾಜಿಕ ಜಾಲತಾಣದ ಖಾತೆ ತೆರೆಯಲು ಸಾಮಾನ್ಯವಾಗಿ ಒಂದು ಇಮೇಲ್ ಅಥವಾ ಮೊಬೈಲ್ ಸಂಖ್ಯೆ ಸಾಕು. ಯಾರು ಬೇಕಾದರೂ ಯಾವ ಹೆಸರನ್ನಾದರೂ ನಮೂದಿಸಬಹುದು. ಆ ಖಾತೆಯು "ನಿನ್ನೆ ಬಂದ ವ್ಯಕ್ತಿಯೇ ಇಂದೂ ಬಂದಿದ್ದಾರೆ" ಎಂಬುದನ್ನು ತಿಳಿಸುತ್ತದೆಯೇ ಹೊರತು ಆ ವ್ಯಕ್ತಿ ಯಾರ ಮಗ ಅಥವಾ ಮಗಳು, ಯಾವ ಗ್ರಾಮದವರು ಎಂಬುದನ್ನು ತಿಳಿಸುವುದಿಲ್ಲ.

ಎರಡನೆಯದು, ಬಾಳಿಕೆ. ಸಾಮಾಜಿಕ ಜಾಲತಾಣಗಳು ಶಾಶ್ವತವಲ್ಲ. ನಮ್ಮಲ್ಲಿ ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಸ್ಥಗಿತಗೊಂಡಿತು. ಅದರ ಹೆಸರಿನ ಪ್ರವೇಶ ಗುಂಡಿಯನ್ನು ಬಳಸುತ್ತಿದ್ದ ಜಾಲತಾಣಗಳು ಬೇರೆ ವ್ಯವಸ್ಥೆಗೆ ಬದಲಾಗಬೇಕಾಯಿತು. ಟಿಕ್‌ಟಾಕ್ ಅನ್ನು ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿತು. ಬೆಂಗಳೂರಿನಲ್ಲಿ 2020ರಲ್ಲಿ ಕನ್ನಡದಿಂದಲೇ ಆರಂಭಗೊಂಡ ಕೂ ಎಂಬ ಜಾಲತಾಣ 2024ರ ಜುಲೈನಲ್ಲಿ ಕೊನೆಗೊಂಡಿತು. ನಾಗರಿಕರ ಪಿಂಚಣಿ, ವಿದ್ಯಾರ್ಥಿವೇತನ, ಭೂ ದಾಖಲೆಗಳ ಕೀಲಿಕೈ ಇಂತಹ ಸಂಸ್ಥೆಗಳ ಅಳಿವು ಉಳಿವಿನ ಮೇಲೆ ಅವಲಂಬಿಸುವುದು ಸೂಕ್ತವಲ್ಲ.

ಮೂರನೆಯದು, ಭದ್ರತೆ. 2018ರ ಸೆಪ್ಟೆಂಬರ್ 28ರಂದು ಫೇಸ್‌ಬುಕ್ ಸಂಸ್ಥೆಯು ಸುಮಾರು 5 ಕೋಟಿ ಖಾತೆಗಳಿಗೆ ಭದ್ರತಾ ಲೋಪದಿಂದ ಧಕ್ಕೆಯಾಗಿರುವುದಾಗಿ ಪ್ರಕಟಿಸಿತು. ಟೋಕನ್‌ಗಳು ಕಳುವಾದ ಖಾತೆಗಳು ಸುಮಾರು 3 ಕೋಟಿ ಎಂದು ನಂತರ ತಿಳಿಸಲಾಯಿತು. ಪಾಸ್‌ವರ್ಡ್ ಸೋರಿಕೆಯಾಗದೆ ಇದ್ದರೂ ಟೋಕನ್ ಕೈಸೇರಿದವರು ಖಾತೆಯನ್ನು ಬಳಸಬಹುದಾಗಿತ್ತು. ಒಂದೇ ಕೀಲಿಕೈಯಿಂದ ಅನೇಕ ಬಾಗಿಲುಗಳು ತೆರೆಯುವಾಗ ಅದರ ನಷ್ಟವೂ ಅಷ್ಟೇ ದೊಡ್ಡದು. ಈ ಮಾತು ಸರ್ಕಾರಿ ಏಕ ಪ್ರವೇಶ ವ್ಯವಸ್ಥೆಗೂ ಅನ್ವಯಿಸುತ್ತದೆ. ಆದುದರಿಂದ ಡಿಜಿಲಾಕರ್ ಪಿನ್ ಅನ್ನು ಯಾರಿಗೂ ತಿಳಿಸಬಾರದು.

ಇದರರ್ಥ ಸಾಮಾಜಿಕ ಜಾಲತಾಣದ ಮೂಲಕ ಪ್ರವೇಶ ಎಲ್ಲೆಡೆಯೂ ತಪ್ಪು ಎಂದಲ್ಲ. ಅಭಿಪ್ರಾಯ ಸಂಗ್ರಹಣೆ, ತರಬೇತಿ ಕಾರ್ಯಕ್ರಮದ ನೋಂದಣಿ, ಸರಕಿನ ವಿಚಾರಣೆ ಮುಂತಾದವುಗಳಿಗೆ ಅದು ಸಾಕಾಗುತ್ತದೆ. ಭೌಗೋಳಿಕ ಸೂಚಿಕೆ ಪಡೆದಿರುವ ಕಮಲಾಪುರದ ಕೆಂಪು ಬಾಳೆಯ ಬೆಳೆಗಾರರು ಖರೀದಿದಾರರ ವಿಚಾರಣೆ ಸ್ವೀಕರಿಸಲು ಜಾಲತಾಣ ರೂಪಿಸಿದರೆ ಅಲ್ಲಿ ಗೂಗಲ್ ಖಾತೆಯ ಪ್ರವೇಶ ಅನುಕೂಲಕರವೇ ಆಗಿರುತ್ತದೆ. ಅದೇ ಬೆಳೆಗಾರರ ಬೆಳೆ ನಷ್ಟ ಪರಿಹಾರದ ಅರ್ಜಿಗೆ ಅದು ಸಾಲುವುದಿಲ್ಲ. ತಪ್ಪಾದಲ್ಲಿ ಆಗುವ ನಷ್ಟವೆಷ್ಟು ಎಂಬುದರ ಮೇಲೆ ಬಾಗಿಲಿನ ಭದ್ರತೆ ನಿರ್ಧಾರವಾಗಬೇಕು.

6. ಸಮ್ಮತಿ ಪುಟವನ್ನು ಓದುವ ಬಗೆ

ಸಮ್ಮತಿ ಪುಟವನ್ನು ಓದದೆ "ಅನುಮತಿಸಿ" ಎಂದು ಒತ್ತುವುದು ಖಾಲಿ ಕಾಗದಕ್ಕೆ ಸಹಿ ಹಾಕಿದಂತೆ. ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು.

(ಅ) ಮಾಹಿತಿ ಕೇಳುತ್ತಿರುವ ಸಂಸ್ಥೆ ಅಥವಾ ಇಲಾಖೆಯ ಹೆಸರು ತಾವು ಅರ್ಜಿ ಸಲ್ಲಿಸುತ್ತಿರುವ ಸೇವೆಗೆ ಸಂಬಂಧಿಸಿದೆಯೇ?

(ಆ) ಕೇಳುತ್ತಿರುವ ದಾಖಲೆಗಳು ಯಾವುವು? ಹೆಸರು, ಜನ್ಮ ದಿನಾಂಕ, ಮೊಬೈಲ್ ಸಂಖ್ಯೆ ಪ್ರವೇಶಕ್ಕೆ ಸಹಜ. ಸೇವೆಗೆ ಸಂಬಂಧವಿಲ್ಲದ ದಾಖಲೆ ಪಟ್ಟಿಯಲ್ಲಿದ್ದರೆ ಅದರ ಗುರುತನ್ನು ತೆಗೆಯಲು ಅವಕಾಶವಿದೆಯೇ ಎಂದು ನೋಡಬೇಕು.

(ಇ) ಸಮ್ಮತಿಯ ಅವಧಿ ಹಾಗೂ ಉದ್ದೇಶ ನಮೂದಾಗಿದ್ದರೆ ಅದು ಅರ್ಜಿಯ ಉದ್ದೇಶಕ್ಕೆ ಹೊಂದುತ್ತದೆಯೇ?

ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪು ನೀಡಿದೆ. ಆ ಪ್ರಕರಣದ ಅರ್ಜಿದಾರರಾಗಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ.ಎಸ್. ಪುಟ್ಟಸ್ವಾಮಿಯವರು. ತದನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಅಂಗೀಕಾರವಾಗಿದ್ದು, ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಹಂತ ಹಂತವಾಗಿ ಜಾರಿಗೆ ಬರುವಂತೆ ಅಧಿಸೂಚಿಸಲಾಗಿದೆ. ಸಮ್ಮತಿಯು ಸ್ಪಷ್ಟವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಸೀಮಿತವಾಗಿರಬೇಕು, ಅದನ್ನು ಹಿಂಪಡೆಯಲು ಅವಕಾಶವಿರಬೇಕು ಎಂಬುದು ಈ ಅಧಿನಿಯಮದ ಮುಖ್ಯ ತತ್ವ.

7. ಕಲಬುರಗಿ ಹಾಗೂ ಕಮಲಾಪುರದ ಅರ್ಜಿದಾರರ ವಿಶೇಷ ಗಮನಕ್ಕೆ

(ಅ) ಊರಿನ ಹಾಗೂ ತಾಲ್ಲೂಕಿನ ಹೆಸರು: ಗುಲ್ಬರ್ಗಾ ನಗರದ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ ಎಂದಾಗಿರುತ್ತದೆ. 2017-18ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ಈ ಜಿಲ್ಲೆಯ ಕಮಲಾಪುರ, ಕಾಳಗಿ, ಶಹಾಬಾದ್ ಹಾಗೂ ಯಡ್ರಾಮಿ ಸೇರಿವೆ. ಅದಕ್ಕೂ ಮೊದಲು ಕಮಲಾಪುರವು ಕಲಬುರಗಿ ತಾಲ್ಲೂಕಿನಲ್ಲಿತ್ತು. ಹೀಗಾಗಿ ಅನೇಕರ ಆಧಾರ್, ಶಾಲಾ ದಾಖಲೆ ಮುಂತಾದವುಗಳಲ್ಲಿ "ಗುಲ್ಬರ್ಗಾ ತಾಲ್ಲೂಕು" ಎಂದೇ ಉಳಿದಿರುತ್ತದೆ. ಹೊರಗಿನ ಖಾತೆಯ ಮೂಲಕ ಪ್ರವೇಶಿಸಿದಾಗ ಹಳೆಯ ವಿಳಾಸವೇ ಅರ್ಜಿಯಲ್ಲಿ ತಾನಾಗಿ ಭರ್ತಿಯಾಗಬಹುದು. ಜಾಲತಾಣವು ತಾಲ್ಲೂಕನ್ನು ಆಯ್ಕೆ ಮಾಡಲು ಕೇಳಿದಾಗ ಗ್ರಾಮವು ಈಗ ಇರುವ ತಾಲ್ಲೂಕು ಹಾಗೂ ಹೋಬಳಿಯನ್ನು ಆಯ್ಕೆ ಮಾಡುವುದು. ತಪ್ಪು ತಾಲ್ಲೂಕು ಆಯ್ಕೆಯಾದರೆ ಅರ್ಜಿಯು ಬೇರೆ ಕಚೇರಿಗೆ ಹೋಗಿ ವಿಳಂಬವಾಗುವ ಸಂಭವವಿದೆ.

(ಆ) ಎರಡು ಕಮಲಾಪುರಗಳು: ಹಂಪಿಯ ಸಮೀಪದಲ್ಲಿ, ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿನಲ್ಲಿಯೂ ಕಮಲಾಪುರ ಎಂಬ ಪಟ್ಟಣವಿದೆ. ಊರಿನ ಹೆಸರಿನಿಂದ ಹುಡುಕದೆ ಮೊದಲು ಜಿಲ್ಲೆಯನ್ನು, ನಂತರ ತಾಲ್ಲೂಕನ್ನು ಆಯ್ಕೆ ಮಾಡತಕ್ಕದ್ದು.

(ಇ) ಬೇರೆಯವರ ಮೊಬೈಲ್ ಸಂಖ್ಯೆ: ಕಮಲಾಪುರ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬರು ವಿದ್ಯಾರ್ಥಿವೇತನದ ಅರ್ಜಿಗಾಗಿ ಆನ್‌ಲೈನ್ ಅಂಗಡಿಯಲ್ಲಿ ಖಾತೆ ತೆರೆಸಿದರೆಂದು ಭಾವಿಸೋಣ. ಮನೆಯಲ್ಲಿ ಒಂದೇ ಮೊಬೈಲ್ ಇದ್ದು, ಅದು ತಂದೆಯವರೊಂದಿಗೆ ಹೊಲದಲ್ಲಿದೆ. ಕೆಲಸ ಬೇಗ ಮುಗಿಯಲೆಂದು ಅಂಗಡಿಯವರು ತಮ್ಮ ಸಂಖ್ಯೆಯನ್ನೇ ನಮೂದಿಸುತ್ತಾರೆ. ಅಂದು ಅರ್ಜಿ ಸಲ್ಲಿಕೆಯಾಗುತ್ತದೆ. ಆರು ತಿಂಗಳ ನಂತರ ಅರ್ಜಿಯಲ್ಲಿನ ಆಕ್ಷೇಪಣೆಗೆ ಉತ್ತರಿಸಲು ಕೊನೆಯ ದಿನ ಬಂದಾಗ ಒಟಿಪಿ ಅಂಗಡಿಯವರ ಮೊಬೈಲ್‌ಗೆ ಹೋಗುತ್ತದೆ. ಅಂಗಡಿ ಮುಚ್ಚಿದ್ದರೆ ಅಥವಾ ಸಂಖ್ಯೆ ಬದಲಾಗಿದ್ದರೆ ವಿದ್ಯಾರ್ಥಿನಿಗೆ ತಮ್ಮದೇ ಅರ್ಜಿಯನ್ನು ನೋಡಲು ಸಾಧ್ಯವಾಗುವುದಿಲ್ಲ. ಇಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಒಂದು ವರ್ಷದ ವಿದ್ಯಾರ್ಥಿವೇತನ ಕೈತಪ್ಪುತ್ತದೆ. ಆದುದರಿಂದ ಮೊಬೈಲ್ ಮನೆಯಲ್ಲಿ ಇಲ್ಲದ ದಿನ ಖಾತೆ ತೆರೆಯದೆ, ಮರುದಿನ ಅದನ್ನು ಜೊತೆಗೆ ತೆಗೆದುಕೊಂಡು ಹೋಗುವುದೇ ಲೇಸು.

(ಈ) ಬಿಟ್ಟುಬಿಟ್ಟ ಸಂಖ್ಯೆ: ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು 90 ದಿನಗಳ ನಂತರ ಬೇರೆ ಗ್ರಾಹಕರಿಗೆ ನೀಡಲು ದೂರಸಂಪರ್ಕ ಸಂಸ್ಥೆಗಳಿಗೆ ಅವಕಾಶವಿರುತ್ತದೆ. ಕೆಲಸಕ್ಕಾಗಿ ಬೆಂಗಳೂರು, ಪುಣೆ, ಮುಂಬಯಿ ಕಡೆ ಹೋದವರು ಹೊಸ ಸಿಮ್ ಪಡೆದು ಹಳೆಯದನ್ನು ಬಿಟ್ಟಾಗ, ಹಳೆಯ ಸಂಖ್ಯೆಗೆ ಬರುವ ಒಟಿಪಿ ಅಪರಿಚಿತರಿಗೆ ತಲುಪಬಹುದು. ಹಳೆಯ ಸಿಮ್ ಚಾಲ್ತಿಯಲ್ಲಿರುವಾಗಲೇ ಆಧಾರ್, ಡಿಜಿಲಾಕರ್ ಹಾಗೂ ಬ್ಯಾಂಕ್ ಖಾತೆಗಳಲ್ಲಿ ಹೊಸ ಸಂಖ್ಯೆಯನ್ನು ದಾಖಲಿಸಿಕೊಳ್ಳತಕ್ಕದ್ದು.

(ಉ) ಸಾರ್ವಜನಿಕ ಗಣಕಯಂತ್ರ: ಸೇವಾ ಜಾಲತಾಣದಿಂದ ಲಾಗ್‌ಔಟ್ ಆದ ಮಾತ್ರಕ್ಕೆ ಡಿಜಿಲಾಕರ್ ಅಥವಾ ಗೂಗಲ್‌ನಿಂದಲೂ ಲಾಗ್‌ಔಟ್ ಆದಂತಾಗುವುದಿಲ್ಲ. ಎರಡು ಬಾಗಿಲುಗಳನ್ನೂ ಪ್ರತ್ಯೇಕವಾಗಿ ಮುಚ್ಚಬೇಕು. "ಪಾಸ್‌ವರ್ಡ್ ಉಳಿಸಬೇಕೇ?" ಎಂಬ ಪ್ರಶ್ನೆಗೆ ಬೇಡ ಎಂದೇ ಉತ್ತರಿಸತಕ್ಕದ್ದು.

8. ಪೈಥಾನ್ ಅನ್ವಯಗಳನ್ನು ರೂಪಿಸುವವರ ಗಮನಕ್ಕೆ

ಕಲಬುರಗಿಯ ತಾಂತ್ರಿಕ ವಿದ್ಯಾಲಯಗಳ ವಿದ್ಯಾರ್ಥಿಗಳು, ಸಹಕಾರ ಸಂಘಗಳು ಹಾಗೂ ಸ್ವಯಂಸೇವಾ ಸಂಸ್ಥೆಗಳು ಸ್ವಂತ ಅನ್ವಯಗಳನ್ನು ರೂಪಿಸುವಾಗ ಸಾಮಾಜಿಕ ಜಾಲತಾಣದ ಪ್ರವೇಶವನ್ನು ಅಳವಡಿಸಬಹುದು. ಪೈಥಾನ್‌ನಲ್ಲಿ ಇದಕ್ಕೆ ಸಿದ್ಧ ಗ್ರಂಥಾಲಯಗಳಿವೆ. ಜಾಂಗೋ ಚೌಕಟ್ಟಿಗೆ ಜಾಂಗೋ-ಆಲ್‌ಆಥ್, ಫ್ಲಾಸ್ಕ್ ಮುಂತಾದವುಗಳಿಗೆ ಆಥ್‌ಲಿಬ್ ಪ್ರಸಿದ್ಧವಾಗಿವೆ. ಟೋಕನ್ ಪರಿಶೀಲನೆಯ ಸಂಕೇತವನ್ನು ಸ್ವತಃ ಬರೆಯುವುದಕ್ಕಿಂತ ಇವುಗಳನ್ನು ಬಳಸುವುದು ಸುರಕ್ಷಿತ. ಆದರೂ ಈ ಕೆಳಕಂಡ ಅಂಶಗಳು ರೂಪಿಸುವವರ ಹೊಣೆಯೇ ಆಗಿರುತ್ತವೆ.

(1) ನೋಂದಣಿ: ಖಾತೆ ಒದಗಿಸುವ ಸಂಸ್ಥೆಯಲ್ಲಿ ಅನ್ವಯವನ್ನು ನೋಂದಾಯಿಸಿ ಕ್ಲೈಂಟ್ ಐಡಿ ಹಾಗೂ ಕ್ಲೈಂಟ್ ಸೀಕ್ರೆಟ್ ಪಡೆಯಬೇಕು. ಸೀಕ್ರೆಟ್ ಅನ್ನು ಪ್ರೋಗ್ರಾಂ ಕಡತದಲ್ಲಿ ಬರೆಯದೆ ಸರ್ವರ್‌ನ ಪರಿಸರ ಚರಾಂಶಗಳಲ್ಲಿ ಇರಿಸಬೇಕು. ಗಿಟ್‌ಹಬ್‌ನಂತಹ ಸಾರ್ವಜನಿಕ ಸ್ಥಳಕ್ಕೆ ಅದು ಹೋಗದಂತೆ ಎಚ್ಚರ ವಹಿಸಬೇಕು.

(2) ಹಿಂದಿರುಗುವ ವಿಳಾಸ: ನೋಂದಣಿಯಲ್ಲಿ ನೀಡಿದ ವಿಳಾಸವೂ ಅನ್ವಯ ಕಳುಹಿಸುವ ವಿಳಾಸವೂ ಅಕ್ಷರಶಃ ಒಂದೇ ಆಗಿರಬೇಕು. ಕೊನೆಯ ಓರೆಗೆರೆಯ ವ್ಯತ್ಯಾಸವೂ ದೋಷಕ್ಕೆ ಕಾರಣವಾಗುತ್ತದೆ. ಎಚ್‌ಟಿಟಿಪಿಎಸ್ ಕಡ್ಡಾಯವಾಗಿ ಬಳಸಬೇಕು.

(3) ಸ್ಟೇಟ್ ಹಾಗೂ ಪಿಕೆಸಿಇ: ಪ್ರತಿ ಪ್ರವೇಶಕ್ಕೂ ಊಹಿಸಲಾಗದ ಹೊಸ ಸ್ಟೇಟ್ ಮೌಲ್ಯವನ್ನು ಸೃಷ್ಟಿಸಿ, ಹಿಂದಿರುಗಿದಾಗ ಅದನ್ನು ತಾಳೆ ನೋಡಬೇಕು. ಇಲ್ಲವಾದಲ್ಲಿ ದುರುದ್ದೇಶದವರು ತಮ್ಮ ಖಾತೆಯೊಳಗೆ ಬೇರೆ ನಾಗರಿಕರನ್ನು ಪ್ರವೇಶಿಸುವಂತೆ ಮಾಡಿ ಅವರ ಮಾಹಿತಿ ಪಡೆಯಬಹುದು. ಸಂಕೇತವನ್ನು ನಡುವೆ ಕದ್ದವರು ಬಳಸದಂತೆ ತಡೆಯುವ ಪಿಕೆಸಿಇ ಪದ್ಧತಿಯನ್ನೂ ಅಳವಡಿಸಬೇಕು.

(4) ಟೋಕನ್ ಪರಿಶೀಲನೆ: ಐಡಿ ಟೋಕನ್‌ನಲ್ಲಿ ಸಹಿ, ನೀಡಿದವರು, ಯಾರಿಗಾಗಿ ನೀಡಲಾಗಿದೆ ಹಾಗೂ ಅವಧಿ ಎಂಬ ನಾಲ್ಕನ್ನೂ ಪರಿಶೀಲಿಸಬೇಕು. ಬೇರೆ ಅನ್ವಯಕ್ಕಾಗಿ ನೀಡಿದ ಟೋಕನ್ ಅನ್ನು ಸ್ವೀಕರಿಸಬಾರದು.

(5) ಗುರುತು: ಬಳಕೆದಾರರನ್ನು ಇಮೇಲ್ ವಿಳಾಸದಿಂದ ಗುರುತಿಸಬಾರದು. ಖಾತೆ ಒದಗಿಸುವ ಸಂಸ್ಥೆ ನೀಡುವ, ಬದಲಾಗದ "ಸಬ್" ಎಂಬ ಸಂಖ್ಯೆಯನ್ನು ಆ ಸಂಸ್ಥೆಯ ಹೆಸರಿನೊಂದಿಗೆ ದಾಖಲಿಸಬೇಕು. ಇಮೇಲ್ ಬದಲಾಗಬಹುದು, ಪರಿಶೀಲನೆಯಾಗದೆಯೂ ಇರಬಹುದು. 2023ರ ಜೂನ್‌ನಲ್ಲಿ ಬೆಳಕಿಗೆ ಬಂದ "ನೋಆಥ್" ಎಂಬ ಲೋಪದಲ್ಲಿ, ಇಮೇಲ್ ಅನ್ನು ಮಾತ್ರ ನಂಬಿದ್ದ ಅನ್ವಯಗಳಲ್ಲಿ ಬೇರೆಯವರ ಖಾತೆಯೊಳಗೆ ನುಗ್ಗಲು ಸಾಧ್ಯವಿತ್ತು.

(6) ಮಿತ ಮಾಹಿತಿ: ಹೆಸರು ಹಾಗೂ ಇಮೇಲ್ ಸಾಕಾದಲ್ಲಿ ಸ್ನೇಹಿತರ ಪಟ್ಟಿ, ಜನ್ಮ ದಿನಾಂಕ ಇತ್ಯಾದಿ ಕೇಳಬಾರದು. ಸಂಗ್ರಹಿಸದ ಮಾಹಿತಿ ಎಂದಿಗೂ ಸೋರಿಕೆಯಾಗುವುದಿಲ್ಲ.

(7) ಪರ್ಯಾಯ ಬಾಗಿಲು: ಸಾಮಾಜಿಕ ಜಾಲತಾಣದ ಖಾತೆ ಇಲ್ಲದವರಿಗೆ, ಖಾತೆ ಕಳೆದುಕೊಂಡವರಿಗೆ ಮೊಬೈಲ್ ಒಟಿಪಿ ಅಥವಾ ಇಮೇಲ್ ಮೂಲಕ ಪ್ರವೇಶಿಸುವ ಮತ್ತೊಂದು ಮಾರ್ಗ ಇರಲೇಬೇಕು. ಒಬ್ಬರೇ ಬಳಕೆದಾರರಿಗೆ ಎರಡು ಖಾತೆಗಳನ್ನು ಜೋಡಿಸುವಾಗ, ಅವರು ಮೊದಲ ಖಾತೆಯಿಂದ ಪ್ರವೇಶಿಸಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಎರಡನೆಯದನ್ನು ಜೋಡಿಸಬೇಕು.

2025ರ ಜನವರಿಯಲ್ಲಿ ಪ್ರಕಟವಾದ ಓಆಥ್ ಭದ್ರತಾ ಮಾರ್ಗಸೂಚಿಯ ಪ್ರಕಾರ, ಬಳಕೆದಾರರ ಪಾಸ್‌ವರ್ಡ್ ಅನ್ನು ಅನ್ವಯವೇ ಪಡೆದು ಮುಂದೆ ಕಳುಹಿಸುವ ಹಳೆಯ ವಿಧಾನವನ್ನು ಬಳಸಲೇಬಾರದು. ಹಳೆಯ ಪುಸ್ತಕ ಅಥವಾ ಪಾಠಗಳನ್ನು ಅನುಸರಿಸುವವರು ಇದನ್ನು ವಿಶೇಷವಾಗಿ ಗಮನಿಸುವುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಡಿಜಿಲಾಕರ್ ಮೂಲಕ ಪ್ರವೇಶಿಸಿದರೆ ನನ್ನ ಎಲ್ಲ ದಾಖಲೆಗಳು ಕಚೇರಿಗೆ ಕಾಣಿಸುತ್ತವೆಯೇ?
ಉತ್ತರ: ಇಲ್ಲ. ಸಮ್ಮತಿ ಪುಟದಲ್ಲಿ ತಾವು ಒಪ್ಪಿಗೆ ನೀಡಿದ ಮಾಹಿತಿ ಮಾತ್ರ ಲಭ್ಯವಾಗುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದೇ ಮೊಬೈಲ್ ಇದೆ. ಏನು ಮಾಡಬೇಕು?
ಉತ್ತರ: ಮನೆಯವರದೇ ಸಂಖ್ಯೆಯನ್ನು ನೀಡುವುದು ಸೂಕ್ತ, ಹೊರಗಿನವರದನ್ನಲ್ಲ. ಯಾರ ಯಾವ ಖಾತೆಗೆ ಆ ಸಂಖ್ಯೆ ನೀಡಲಾಗಿದೆ ಎಂಬುದನ್ನು ಪುಸ್ತಕವೊಂದರಲ್ಲಿ ಬರೆದಿಟ್ಟುಕೊಳ್ಳುವುದು. ಪಿನ್ ಹಾಗೂ ಪಾಸ್‌ವರ್ಡ್‌ಗಳನ್ನು ಅದೇ ಪುಸ್ತಕದಲ್ಲಿ ಬರೆಯಬಾರದು.

ಪ್ರಶ್ನೆ: ನನ್ನ ಹಳೆಯ ಸಂಖ್ಯೆ ಈಗ ಬೇರೆಯವರ ಬಳಿ ಇದೆ. ಖಾತೆಗೆ ಪ್ರವೇಶ ಸಾಧ್ಯವೇ?
ಉತ್ತರ: ಆಧಾರ್ ಆಧಾರಿತ ಖಾತೆಯಾಗಿದ್ದಲ್ಲಿ ಮೊದಲು ಆಧಾರ್ ಕೇಂದ್ರದಲ್ಲಿ ಖುದ್ದಾಗಿ ಹಾಜರಾಗಿ ಹೊಸ ಸಂಖ್ಯೆಯನ್ನು ನೋಂದಾಯಿಸಿಕೊಳ್ಳುವುದು. ಆಧಾರ್ ಕುರಿತ ವಿಚಾರಣೆಗೆ 1947 ಸಂಖ್ಯೆಗೆ ಕರೆ ಮಾಡಬಹುದು.

ಪ್ರಶ್ನೆ: ನನಗೆ ಯಾವ ಖಾತೆಯೂ ಇಲ್ಲ, ಸ್ಮಾರ್ಟ್‌ಫೋನ್ ಸಹ ಇಲ್ಲ. ಸೇವೆ ದೊರೆಯುವುದಿಲ್ಲವೇ?
ಉತ್ತರ: ದೊರೆಯುತ್ತದೆ. ನಾಡಕಚೇರಿ, ಗ್ರಾಮಗಳಲ್ಲಿ ಗ್ರಾಮ ಒನ್, ಕಲಬುರಗಿ ನಗರದಲ್ಲಿ ಕರ್ನಾಟಕ ಒನ್ ಕೇಂದ್ರಗಳ ಮೂಲಕ ಅರ್ಜಿ ಸಲ್ಲಿಸಬಹುದು. ಅಲ್ಲಿನ ನಿರ್ವಾಹಕರು ತಮ್ಮ ಲಾಗಿನ್ ಬಳಸುತ್ತಾರೆ. ಅರ್ಜಿಯಲ್ಲಿ ಅರ್ಜಿದಾರರ ಸಂಖ್ಯೆಯೇ ನಮೂದಾಗಿದೆಯೇ ಎಂದು ಸ್ವೀಕೃತಿಯಲ್ಲಿ ಪರಿಶೀಲಿಸತಕ್ಕದ್ದು.

ಪ್ರಶ್ನೆ: ಲಾಗಿನ್ ಆಗಿ ಅರ್ಜಿ ಭರ್ತಿ ಮಾಡಿದ್ದೇನೆ. ಸಕಾಲ ಅವಧಿ ಆರಂಭವಾಗಿದೆಯೇ?
ಉತ್ತರ: ಪ್ರವೇಶಿಸಿದ ಅಥವಾ ಅರ್ಧ ಭರ್ತಿ ಮಾಡಿ ಉಳಿಸಿದ ಮಾತ್ರಕ್ಕೆ ಅರ್ಜಿ ಸಲ್ಲಿಸಿದಂತೆ ಆಗುವುದಿಲ್ಲ. ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿಯನ್ನು ಅಂತಿಮವಾಗಿ ಸಲ್ಲಿಸಿ ಸ್ವೀಕೃತಿ ಸಂಖ್ಯೆ ಪಡೆದಿರಬೇಕು. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.

ಪ್ರಶ್ನೆ: ಅಧಿಕಾರಿ ಎಂದು ಹೇಳಿಕೊಂಡು ಕರೆ ಮಾಡಿದವರಿಗೆ ಒಟಿಪಿ ತಿಳಿಸಿಬಿಟ್ಟಿದ್ದೇನೆ. ಮುಂದೇನು?
ಉತ್ತರ: ಯಾವ ಸರ್ಕಾರಿ ನೌಕರರೂ ದೂರವಾಣಿಯಲ್ಲಿ ಒಟಿಪಿ ಕೇಳುವಂತಿಲ್ಲ. ತಕ್ಷಣ ಪಿನ್ ಹಾಗೂ ಪಾಸ್‌ವರ್ಡ್ ಬದಲಾಯಿಸಿ, ಹಣ ಕಳೆದುಕೊಂಡಿದ್ದಲ್ಲಿ ವಿಳಂಬ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

10. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(1) ಖಾತೆ ನನ್ನ ಹೆಸರಿನಲ್ಲಿದೆ.
(2) ಖಾತೆಯಲ್ಲಿರುವ ಮೊಬೈಲ್ ಸಂಖ್ಯೆ ನನ್ನದು ಅಥವಾ ನನ್ನ ಮನೆಯವರದು, ಈಗ ಚಾಲ್ತಿಯಲ್ಲಿದೆ.
(3) ಪಿನ್ ಹಾಗೂ ಪಾಸ್‌ವರ್ಡ್ ನನಗೆ ಮಾತ್ರ ತಿಳಿದಿದೆ.
(4) ಸಮ್ಮತಿ ಪುಟವನ್ನು ಓದಿದ್ದೇನೆ ಅಥವಾ ಓದಿಸಿಕೊಂಡು ಕೇಳಿದ್ದೇನೆ.
(5) ಜಿಲ್ಲೆ, ತಾಲ್ಲೂಕು, ಹೋಬಳಿ ಹಾಗೂ ಗ್ರಾಮ ಸರಿಯಾಗಿವೆ.
(6) ಸ್ವೀಕೃತಿ ಸಂಖ್ಯೆಯನ್ನು ಬರೆದುಕೊಂಡಿದ್ದೇನೆ.
(7) ಸೇವಾ ಜಾಲತಾಣ ಹಾಗೂ ಖಾತೆ, ಎರಡರಿಂದಲೂ ಲಾಗ್‌ಔಟ್ ಆಗಿದ್ದೇನೆ.

ಓದು ಬರಹ ತಿಳಿಯದ ಹಿರಿಯರ ಪರವಾಗಿ ಅರ್ಜಿ ಭರ್ತಿ ಮಾಡುವ ಮಕ್ಕಳು ಹಾಗೂ ಸಂಬಂಧಿಕರು, ಮೇಲ್ಕಂಡ ಅಂಶಗಳನ್ನು ಅವರಿಗೆ ತಿಳಿಸಿ ಹೇಳಿ, ಖಾತೆಯನ್ನು ಹಿರಿಯರ ಹೆಸರಿನಲ್ಲಿಯೇ ತೆರೆದು ಸಹಕರಿಸಬೇಕಾಗಿ ಕೋರಲಾಗಿದೆ.